ಎಂಟು ಕೈಯ ಹಿಮದ ಹೂವು

ಅಂಗಡಿಯ ಹಿಂದಿನ ಕೋಣೆ,
ಡಿಸೆಂಬರ್ ಆರು, ಶನಿವಾರ

ಪ್ರೀತಿಯ ಚಿನಕುರುಳಿ,

ಹೇಗಿದ್ದೀಯೇ? ಕಾಲಿನ ಊತ ಇಳಿಯಿತೇ? ದಿಂಬಿನ ಮೇಲೆ ಕಾಲಿಟ್ಟು ಮಲಗು ಎಂದು ಬರೆದಿದ್ದೆನಲ್ಲ, ಹಾಗೆ ಮಲಗುತ್ತಿದ್ದೀಯೋ, ಇಲ್ಲ ಎಂದಿನಂತೆ 'ಆಯ್ತು ಅಕ್ಕಾ' ಎಂದು ತಲೆಯಾಡಿಸಿ ನಿನಗೆ ತೋಚಿದ್ದನ್ನೇ ಮಾಡುತ್ತಿದ್ದೀಯೋ? ಹೊಟ್ಟೆಯೊಳಗಿನ ಪುಂಡ ಒದೆಯುತ್ತಾನೆಂದು ದೂರು ಬೇರೆ. ಒದೆಯಲಿ ಬಿಡು, ನೀನು ಅಮ್ಮನಿಗೆ ಕೊಟ್ಟ ಕಾಟದ ಮುಂದೆ ಇದು ಏನೇನೂ ಅಲ್ಲ. ನಿನ್ನವರು ರಸ್ತೆಯ ಹಿಮ ಬಳಿದು ತೆಗೆಯುವ ಆ ಗಾಡಿಯನ್ನು ಹುಷಾರಾಗಿ ಓಡಿಸಲಿ. ನಾವಿಬ್ಬರೂ ಇಲ್ಲಿ ಗಟ್ಟಿಮುಟ್ಟಾಗಿದ್ದೇವೆ.

'ಹೆರಿಗೆಗೆ ಬರ್ತೀಯೋ ಇಲ್ವೋ, ಒಂದೇ ಮಾತಲ್ಲಿ ಹೇಳು' ಎಂದು ಬರೆದಿದ್ದೀಯಲ್ಲ, ಆ ಸಾಲು ಕಣ್ಣೆದುರಿಗೇ ಇದೆ. ವರ್ಷಾಂತ್ಯದ ರಜೆ ಮುಗಿಯುವುದರೊಳಗೆ ಶಾಲೆಗಳಿಗೆ ಬ್ಯಾಡ್ಜ್ ಹೊಲಿದು ಕೊಡಬೇಕು, ಅಂಗಡಿ ಮುಚ್ಚಲಾಗದು ಎಂದೆಲ್ಲ ಬರೆಯಬಹುದು. ಅದು ನೆಪವೆಂದು ನಿನಗೂ ಗೊತ್ತು. ನಿಮ್ಮೂರಿಗೆ ಹತ್ತುವ ಆ ಬೆಟ್ಟದ ಬಸ್ಸು, ಆ ತಿರುವು, ತಳವೇ ಕಾಣದ ಆ ಕಣಿವೆ! ಹೋದ ಸಲ ಅರ್ಧ ದಾರಿಯಲ್ಲೇ ಇಳಿದು ವಾಪಸಾದವಳು ನಾನು. ಅಮ್ಮ ಇದ್ದಿದ್ದರೆ ಇಷ್ಟು ಹೊತ್ತಿಗೆ ಗಂಟುಮೂಟೆ ಕಟ್ಟಿ ಹೊರಟಿರುತ್ತಿದ್ದಳು. ಭಯವಾಗುತ್ತದೆ ಕಣೇ, ಸುಳ್ಳೇಕೆ ಹೇಳಲಿ? ನಾನು ಬರದಿದ್ದರೂ ನನ್ನ ಕೈಕೆಲಸವಾದರೂ ಬರಲಿ ಎಂದು ನಮ್ಮ ಕಸೂತಿ ಮೆಷಿನ್ನಿನಲ್ಲಿ ಹಿಮದ ಹೂವು ಮಾಡಲು ಕೂತೆ. ವರ್ಷಾಂತ್ಯದ ಉಡುಗೊರೆ ಎಂದು ನಿಮ್ಮ ಹೆರಿಗೆ ವಾರ್ಡಿನ ನರ್ಸಮ್ಮಂದಿರಿಗೆ ಒಂದೊಂದು, ಕೂಸಿನ ತೊಟ್ಟಿಲ ಮೇಲೆ ತೂಗುಹಾಕಲು ಒಂದು.

ಇದರಲ್ಲಿ ಬಟ್ಟೆಯೇ ಇಲ್ಲ, ಗೊತ್ತೇ! ಪ್ಲಾಸ್ಟಿಕ್ಕಿನಂಥ ಒಂದು ತೆಳು ಹಾಳೆಯನ್ನು ಕಸೂತಿಯ ರಿಂಗಿಗೆ ಬಿಗಿಯಾಗಿ ಸಿಕ್ಕಿಸಿ, ಅದರ ಮೇಲೆ ಬಿಳಿ ನೂಲಿನಲ್ಲಿ ಹೊಲಿಸುವುದು. ಆಮೇಲೆ ಉಗುರುಬೆಚ್ಚಗಿನ ನೀರಿಗೆ ಹಾಕಿದರೆ ಹಾಳೆ ಕರಗಿ ಮಾಯ, ನೂಲಷ್ಟೇ ಉಳಿಯಬೇಕು. ಮೊದಲನೆಯದನ್ನು ಬಟ್ಟಲಿಗೆ ಬಿಟ್ಟು ಬಗ್ಗಿ ನೋಡಿದೆ. ಹಾಳೆ ಕರಗಿತು, ಹೂವೂ ಬಿಚ್ಚಿಕೊಂಡಿತು, ಉಳಿದದ್ದು ಗೋಜಲು. ನಿನ್ನ ಭಾವ ಇಣುಕಿ, 'ಯಾವ ಅಜ್ಜಿ ತಲೆ ಬಾಚ್ಕೊಂಡ್ಳೇ ಇದ್ರಲ್ಲಿ?' ಎಂದರು. ಬ್ಯಾಡ್ಜಿನಲ್ಲಾದರೆ ಹೊಲಿಗೆಯನ್ನು ಬಟ್ಟೆ ಹಿಡಿದುಕೊಳ್ಳುತ್ತದೆ, ಇಲ್ಲಿ ನೂಲನ್ನು ನೂಲೇ ಹಿಡಿದುಕೊಳ್ಳಬೇಕು. ಹಾಗಾಗಿ ಮೊದಲು ಬಲೆಯಂತೆ ಅಡ್ಡ ಉದ್ದ ಹೊಲಿಸಿ ಅದರ ಮೇಲೆ ಹೂವು ಕೂರಿಸಿದೆ. ನಿಂತಿತು! ತೀರಾ ಸ್ವಚ್ಛವಾಗಿ ತೊಳೆಯಲೂಬಾರದು. ಕರಗಿದ ಅಂಟು ಒಂದಿಷ್ಟು ಉಳಿದರೆ ಒಣಗಿದ ಮೇಲೆ ಗಂಜಿ ಹಾಕಿದ ಕಾಲರಿನಂತೆ ಗರಿಗರಿಯಾಗುತ್ತದೆ. 'ಕೈಕೆಲಸ ಅಂತೀಯ, ಎಲ್ಲ ಮೆಷಿನ್ನೇ ಮಾಡ್ತಲ್ಲ' ಎಂದು ನಿನ್ನ ಭಾವನ ತಕರಾರು. ದಾರ ತುಂಡಾದಾಗಲೆಲ್ಲ ಪೋಣಿಸಿದ್ದು ಮೆಷಿನ್ನೇ? ಚೆನ್ನಾಗಿ ಬಾಯಿ ಮುಚ್ಚಿಸಿದೆ.

ನಿನ್ನೆ ಬ್ಯಾಡ್ಜ್ ಒಯ್ಯಲು ವಿಜ್ಞಾನದ ಮೇಷ್ಟ್ರು ಬಂದಿದ್ದರು. ಕಿಟಕಿಯಲ್ಲಿ ತೂಗುತ್ತಿದ್ದ ಹೂವೊಂದರ ಕೈಗಳನ್ನು ಬೆರಳಿಟ್ಟು ಎಣಿಸಿ, 'ಅಮ್ಮಾ, ಹಿಮದ ಹರಳಿಗೆ ಆರೇ ಕೈ. ಎಂಟಿರೋದು ಜೇಡಕ್ಕೆ' ಎಂದರು. ನಿನ್ನ ಭಾವ ಬಿದ್ದು ಬಿದ್ದು ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಕಾಗದವನ್ನು ಅರ್ಧ, ಮತ್ತೆ ಅರ್ಧ, ಮತ್ತೆ ಅರ್ಧ ಮಡಚಿ ಕತ್ತರಿಸಿ ಮಾದರಿ ಮಾಡಿಕೊಂಡಿದ್ದೆ, ಎಂಟು ಬರದೆ ಇನ್ನೇನು ಬಂದೀತು? ಅಮ್ಮ ನಮಗೆ ಕಾಗದದ ಹೂವು ಕತ್ತರಿಸಲು ಕಲಿಸಿದ್ದೇ ಹಾಗಲ್ಲವೇ?

ಆಗಿನಿಂದ ತಲೆಯಲ್ಲಿ ಹುಳ ಕೊರೆಯುತ್ತಿದೆ. ನಿಜವಾಗಿಯೂ ಆರೇನಾ? ಒಂದಾದರೂ ತಪ್ಪಿ ಎಂಟಾಗಿ ಬೀಳುವುದಿಲ್ಲವೇ? ತೋಳಿನ ಮೇಲೆ ಬಿದ್ದದ್ದು ಎಣಿಸುವಷ್ಟು ಹೊತ್ತು ಇರುತ್ತದೆಯೇ? ಬೀಳುವಾಗ ಸದ್ದಾಗುತ್ತದೆಯೇ? ವಾಸನೆ ಇದೆಯೇ? ಇಷ್ಟು ಪತ್ರ ಬರೆದಿದ್ದೀಯ, ಚಳಿ ಚಳಿ ಎಂದಿದ್ದೀಯ, ಇದರಲ್ಲಿ ಒಂದನ್ನಾದರೂ ಬರೆದೆಯಾ, ಕಳ್ಳಿ?

ಎರಡು ಜೀವವೂ ಸುಖವಾಗಿ ಬೇರೆಯಾಗಲಿ, ನಿನ್ನ ಮಡಿಲು ತುಂಬಲಿ. ನಿನ್ನವರಿಗೆ ನಾವು ಕೇಳಿದೆವೆಂದು ಹೇಳು.

ನಿನ್ನ
ಅಕ್ಕ

ತಾ.ಕ.: ಅಂಚೆಯವನು ಡಬ್ಬ ತೆಗೆಯುವ ಹೊತ್ತಾಯಿತು, ಗೀಚುತ್ತಿದ್ದೇನೆ. ನಿನ್ನ ಭಾವ ಇದನ್ನು ಓದಿ, 'ಇಷ್ಟೊಂದು ಪ್ರಶ್ನೆ ಬರೆಯೋ ಬದಲು ಹೋಗಿ ನೋಡ್ಬಾರ್ದಾ?' ಎಂದರು. ಉತ್ತರ ಬರುವ ತನಕ ಕಾಯುವುದು ನನ್ನಿಂದಲೂ ಆಗದು. ಈಗ ಟಿಕೆಟ್ ತರಲು ಹೋಗಿದ್ದಾರೆ, ಕಿಟಕಿ ಪಕ್ಕದ ಸೀಟು ಬೇಡವೇ ಬೇಡ ಎಂದು ಹೇಳಿಕಳಿಸಿದ್ದೇನೆ. ದಾರಿಯುದ್ದಕ್ಕೂ ಕಣ್ಣು ಮುಚ್ಚಿಕೊಂಡಿರುತ್ತೇನೆ, ಆದರೆ ಈ ಸಲ ಇಳಿಯುವುದಿಲ್ಲ. ಲಕೋಟೆಯಲ್ಲಿ ಎಂಟು ಕೈಯದೊಂದನ್ನು ಹಾಳೆ ಸಮೇತ ಇಟ್ಟಿದ್ದೇನೆ, ನೀರು ಮುಟ್ಟಿಸಬೇಡ. ನಾನೇ ಬಂದು ತೊಳೆದು, ನಿಜವಾದದ್ದರ ಪಕ್ಕ ಹಿಡಿದು ಎಣಿಸಬೇಕು. ಅಲ್ಲಿಯ ತನಕ ಆ ಪುಂಡನಿಗೆ ಒಳಗೇ ಇರಲು ಹೇಳು. ಅವನ ಬೆರಳನ್ನೂ ಮೊದಲು ಎಣಿಸುವವಳು ನಾನೇ.