ಬಿಳಿಯಾಗಿ ಉಳಿದ ಪುಟಗಳು

ಅಂಗಡಿಯ ಮೇಲಿನ ಮನೆ
ಮಂಗಳವಾರ, ಜುಲೈ ಹನ್ನೆರಡು

ಪ್ರೀತಿಯ ಇವಳೇ,

ಹೆಸರು ಹಿಡಿದು ಕರೆದರೆ ಏನೋ ಕೆಟ್ಟ ಸುದ್ದಿ ಎಂದು ಬೆಚ್ಚಿಬೀಳುತ್ತೀಯ, ಅದಕ್ಕೇ ರೂಢಿಯಂತೆ ಹೀಗೆ ಕರೆದಿದ್ದೇನೆ. ನಿನ್ನ ಅಕ್ಕನ ಸೊಂಟ ಹೇಗಿದೆ? ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಡುತ್ತಾರೆ ಎಂದು ಬರೆದಿದ್ದೆ. ಈಗ ಕೋಲಿಗೆ ಬಂದರೋ, ಇನ್ನೂ ನಿನ್ನ ಹೆಗಲಿಗೇ ಜೋತುಬಿದ್ದಿದ್ದಾರೋ? ನಿನ್ನ ಮಂಡಿನೋವಿನ ಮಾತನ್ನು ನೀನು ಎತ್ತುವುದೇ ಇಲ್ಲ. ಎಣ್ಣೆ ತಿಕ್ಕಿಕೋ ಎಂದರೆ "ಹೂಂ" ಅನ್ನುತ್ತೀಯ, ಸೀಸೆಯ ಮುಚ್ಚಳ ಮಾತ್ರ ತೆಗೆಯುವುದಿಲ್ಲ. ನಾನು ಚೆನ್ನಾಗಿದ್ದೇನೆ. ಅಂದರೆ, ಮಾತ್ರೆ ತಪ್ಪಿಸಿಲ್ಲ, ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಪಾತ್ರೆಯ ತಳ ಸೀಯಿಸಿಲ್ಲ.

ಮಗಳ ಶಾಲೆಯ ವಿಷಯ ಬರೆಯಬೇಕು. ಕಾಲೇಜಿಗೆ ಮುಂಚಿನ ಎರಡು ವರ್ಷಕ್ಕೆ ವಿಜ್ಞಾನದಲ್ಲಿ ಎರಡು ದಾರಿ ಇಟ್ಟಿದ್ದಾರೆ. ಒಂದು ಭೌತಶಾಸ್ತ್ರ ಮತ್ತು ಗಣಿತದ್ದು, ಇನ್ನೊಂದು ಜೀವಶಾಸ್ತ್ರದ್ದು. ನೀನು ಬಸ್ಸು ಹತ್ತುವಾಗ ಇನ್ನೂ ಫಾರಂ ಬಂದಿರಲಿಲ್ಲ. ಕಿಟಕಿಯಿಂದ ತಲೆ ಹೊರಹಾಕಿ "ಅವಳು ಕೇಳಿದ್ದನ್ನೇ ಕೊಡಿಸಿ" ಎಂದಿದ್ದೆ, ನೆನಪಿದೆ. ಫಾರಂ ಬಂದಾಗ ಭೌತಶಾಸ್ತ್ರದ ಮುಂದೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿ ನನ್ನ ಕೈಗಿಟ್ಟಳು. ಹವಾಮಾನ ಓದಬೇಕಂತೆ. ಎರಡು ವರ್ಷದಿಂದ ತಾರಸಿಯ ಮೇಲೆ ಡಬ್ಬಿ ಇಟ್ಟು ಮಳೆ ಅಳೆಯುವವಳು ಇನ್ನೇನು ಕೇಳುತ್ತಾಳೆ? "ಮೋಡ ಓದೋಕೆ ಭೌತಶಾಸ್ತ್ರ, ಗಣಿತ ಎರಡೂ ಬೇಕು ಅಪ್ಪಾ, ಇಲ್ಲದಿದ್ರೆ ಹವಾಮಾನದ ಕಾಲೇಜಲ್ಲಿ ಗೇಟಿನ ಒಳಗೂ ಬಿಡಲ್ಲ" ಎಂದಳು.

ಈಗ ನನ್ನ ಜಾಣತನ ಕೇಳು. ಏಳನೇ ತರಗತಿಗೆ ಶಾಲೆ ಬಿಟ್ಟವನಾದರೂ ಇಪ್ಪತ್ತೆರಡು ವರ್ಷದಿಂದ ಹಳೆಯ ಪಠ್ಯಪುಸ್ತಕ ಕೊಂಡು ಮಾರಿ ಬದುಕಿದ್ದೇನೆ. ಒಳಗೆ ಏನಿದೆಯೋ ಕಾಣೆ, ಅಂಚು ನೋಡಿ ಓದಿದವನ ಜಾತಕ ಹೇಳಬಲ್ಲೆ. ಪುಸ್ತಕ ಮುಚ್ಚಿ ಅಂಚನ್ನು ಬೆಳಕಿಗೆ ಹಿಡಿದರೆ ಬೆರಳು ತಾಗಿದ ಪುಟಗಳು ಕಂದು, ತಾಗದವು ಬಿಳಿ. ಜೀವಶಾಸ್ತ್ರದ ಪುಸ್ತಕ ಕೊನೆಯವರೆಗೂ ಕಂದು. ಒಳಗೆ ಮೂರು ಬಣ್ಣದ ಗೆರೆ, ಕಪ್ಪೆಗೆ ಯಾರೋ ಬರೆದ ಮೀಸೆ. ಭೌತಶಾಸ್ತ್ರ ಮಾತ್ರ ನಲವತ್ತು ಪುಟ ಕಂದು, ಆಮೇಲೆ ಅಚ್ಚ ಬಿಳಿ. ಹೋದ ವರ್ಷ ಬಂದ ಮೂವತ್ತೊಂದರಲ್ಲಿ ಇಪ್ಪತ್ತೊಂಬತ್ತು ಹಾಗೇ ಇದ್ದವು. ಮಕ್ಕಳು ಅಲ್ಲೇ ಕೈಚೆಲ್ಲುತ್ತಾರೆ, ನಮ್ಮವಳೂ ಅಲ್ಲೇ ಮುಗ್ಗರಿಸುತ್ತಾಳೆ ಎಂದು ತೀರ್ಮಾನಿಸಿದೆ. ಅವಳ ಗುರುತನ್ನು ರಬ್ಬರಿನಿಂದ ಅಳಿಸಿ, ಜೀವಶಾಸ್ತ್ರದ ಮುಂದೆ ಪೆನ್ನಿನಲ್ಲಿ ಹಾಕಿ, ನಾನೇ ಹೋಗಿ ಕೊಟ್ಟುಬಂದೆ. ಅವಳಿಗೆ ಹೇಳಲಿಲ್ಲ. ಶಾಲೆ ಶುರುವಾದ ಮೇಲೆ ತಾನಾಗಿ ಹೊಂದಿಕೊಳ್ಳುತ್ತಾಳೆ ಎಂದುಕೊಂಡೆ.

ಮೊದಲ ದಿನವೇ ಬೋರ್ಡಿನಲ್ಲಿ ಪಟ್ಟಿ ಹಾಕಿದ್ದರು. ಅವಳು ಆಫೀಸಿಗೆ ಹೋಗಿ ಕೇಳಿದ್ದಾಳೆ, ಗುಮಾಸ್ತರು ಫಾರಂ ತೆಗೆದು ತೋರಿಸಿದ್ದಾರೆ. ಮಧ್ಯಾಹ್ನ ಚೀಲ ಬೆನ್ನಿಗಿದ್ದಂತೆಯೇ ನೇರ ಅಂಗಡಿಗೆ ಬಂದು ನಿಂತಳು. ಕೂಗಾಡಿದ್ದರೆ ನಾನೂ ಕೂಗಾಡಿ ಗೆಲ್ಲುತ್ತಿದ್ದೆ. "ಯಾಕೆ?" ಎಂದಷ್ಟೇ ಕೇಳಿದಳು. ನಾನು ಸಾಕ್ಷಿ ತೋರಿಸುತ್ತೇನೆ ಎಂದು ಕಪಾಟಿನಿಂದ ಹನ್ನೊಂದು ಪುಸ್ತಕ ಇಳಿಸಿ ಒಂದೊಂದಾಗಿ ಅಂಚು ತೋರಿಸಿದೆ. ಅಂಗಡಿಯಲ್ಲಿದ್ದ ಇಬ್ಬರು ಗಿರಾಕಿಗಳು ತಲೆಯಾಡಿಸಿದರು, ನನಗೆ ಇನ್ನಷ್ಟು ಉಬ್ಬು. ಹನ್ನೊಂದನೆಯದು ಮುಗಿಯುವವರೆಗೂ ನೋಡಿದಳು. ಆಮೇಲೆ ಎಂದಳು: "ಭೌತಶಾಸ್ತ್ರ ಕೊನೇವರೆಗೂ ಓದಿದೋರು ನಿಂಗ್ಯಾಕಪ್ಪಾ ಮಾರ್ತಾರೆ? ಮುಂದಿನ ಓದಿಗೂ ಬೇಕು ಅಂತ ಅವರು ಮನೇಲಿ ಇಟ್ಕೊಂಡಿರ್ತಾರೆ. ಬಿಟ್ಟೋರದ್ದು ಮಾತ್ರ ನಿನ್ನ ಹತ್ರ ಬರುತ್ತೆ."

ಇಷ್ಟೇ. ಗಿರಾಕಿಗಳಲ್ಲೊಬ್ಬ ಕೆಮ್ಮಿದ. ಎಷ್ಟು ಸಾವಿರ ಪುಸ್ತಕ ಈ ಕೈಯಲ್ಲಿ ಹಾದುಹೋಗಿವೆಯೋ, ನನ್ನ ಹತ್ತಿರ ಬಾರದ ಪುಸ್ತಕಗಳೂ ಲೋಕದಲ್ಲಿ ಇರುತ್ತವೆ ಎಂದು ಒಂದು ದಿನವೂ ಹೊಳೆದಿರಲಿಲ್ಲ.

ಮರುದಿನ ಬೆಳಿಗ್ಗೆಯೇ ಶಾಲೆಗೆ ಓಡಿದೆ. ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಇಪ್ಪತ್ತನಾಲ್ಕು ಸ್ಟೂಲು, ಇಪ್ಪತ್ತನಾಲ್ಕು ಮಕ್ಕಳು. ಕಾಯುವವರ ಪಟ್ಟಿಯಲ್ಲಿ ಐದು ಹೆಸರು. ಸ್ಟೂಲು ನಾನೇ ತಂದು ಹಾಕುತ್ತೇನೆ ಎಂದೆ. ಮುಖ್ಯೋಪಾಧ್ಯಾಯಿನಿ ನಗಲಿಲ್ಲ. ಗುಮಾಸ್ತರು ಮಾತ್ರ ಮೂಗಿನ ತುದಿಯ ಕನ್ನಡಕದ ಮೇಲಿಂದ ನೋಡಿ, "ಸಹಿ ನಿಮ್ದೇ ಅಲ್ವಾ ಸ್ವಾಮಿ? ಫಾರಂನಲ್ಲೇ ಲೋಪ ಇದ್ರೆ ತಿರುಗಿ ತಗೋಬಹುದು, ಮನಸ್ಸು ಬದಲಾಯ್ತು ಅಂದ್ರೆ ಆಗಲ್ಲ" ಎಂದರು. ಜನರನ್ನು ಮಾತಿನಲ್ಲೇ ಕಟ್ಟಿಹಾಕುವವನು ಎಂದು ನೀನು ಆಡಿಕೊಳ್ಳುತ್ತೀಯಲ್ಲ, ಅವತ್ತು ನನ್ನ ಬಾಯಿಯಿಂದ ಬಂದದ್ದು ಒಂದು "ಸರಿ".

ಅವಳು ದಿನವೂ ಹೋಗುತ್ತಾಳೆ. ಎಲೆ, ಬೇರು, ಕಪ್ಪೆಯ ಹೃದಯ, ಹೇಳಿಕೊಟ್ಟದ್ದನ್ನೆಲ್ಲ ಅಚ್ಚುಕಟ್ಟಾಗಿ ಬರೆಯುತ್ತಾಳೆ. ಮೊದಲ ಕಿರುಪರೀಕ್ಷೆಯಲ್ಲಿ ಇಪ್ಪತ್ತೈದಕ್ಕೆ ಇಪ್ಪತ್ತಮೂರು. ಫೇಲಾಗಿದ್ದರೆ ಜಗಳಕ್ಕಾದರೂ ದಾರಿ ಇರುತ್ತಿತ್ತು. ಊಟ ಬಡಿಸಿದರೆ ತಿನ್ನುತ್ತಾಳೆ, ತಟ್ಟೆ ತೊಳೆದಿಡುತ್ತಾಳೆ. ನನ್ನನ್ನು ಈಗ "ನೀವು" ಎನ್ನುತ್ತಾಳೆ. ಹದಿನಾರು ವರ್ಷ ಬಯ್ದು ಹೇಳಿಕೊಟ್ಟರೂ ಬಾರದ ಮರ್ಯಾದೆ ಒಂದು ಮಧ್ಯಾಹ್ನದಲ್ಲಿ ಬಂತು ನೋಡು. ತಾರಸಿಗೆ ಹೋಗುವುದನ್ನು ಬಿಟ್ಟಿದ್ದಾಳೆ.

ಅಕ್ಕನಿಗೆ ನನ್ನ ನಮಸ್ಕಾರ ಹೇಳು. ನಿನ್ನನ್ನು ಬೇಗ ಬಿಟ್ಟುಕೊಡಿ ಎಂದು ಕೇಳುವ ಮುಖ ನನಗಿಲ್ಲ. ಅವರು ತಮ್ಮ ಕಾಲಮೇಲೆ ನಿಲ್ಲುವವರೆಗೂ ಇರು. ಮಂಡಿ ಜೋಪಾನ.

ನಿನ್ನ,
ಹೆಸರಿಗೆ ಮಾತ್ರ ಯಜಮಾನ

ತಾ.ಕ.: ಲಕೋಟೆಗೆ ಅಂಟು ಹಚ್ಚುವ ಮುಂಚೆ ಇದನ್ನೂ ಬರೆದುಬಿಡುತ್ತೇನೆ. ಆ ಫಾರಂಗೆ ತಂದೆ ತಾಯಿ ಇಬ್ಬರ ಸಹಿಯೂ ಬೇಕಿತ್ತು. ನಿನ್ನದನ್ನೂ ನಾನೇ ಹಾಕಿದೆ. ಪಾರ್ಸೆಲ್ಲಿನವರಿಗೆ ನಿನ್ನ ಸಹಿ ಹಾಕಿ ಹಾಕಿ ಕೈ ಪಳಗಿತ್ತು, ಕೊನೆಯ ಸುಳಿಯನ್ನೂ ಬಿಡಲಿಲ್ಲ. ಮಗಳು ಅದನ್ನು ನೋಡಿ "ಅಮ್ಮಂಗೂ ಗೊತ್ತಿತ್ತಾ?" ಎಂದು ಕೇಳಿದಾಗ, ಅಂಚೆಯಲ್ಲಿ ಕಳಿಸಿ ಹಾಕಿಸಿಕೊಂಡೆ ಎಂದೆ. ನೀನು ಫೋನ್ ಮಾಡಿದಾಗಲೆಲ್ಲ ಅವಳು ಬಾರದಿರುವುದು ಅದಕ್ಕೆ, ಓದುತ್ತಿದ್ದಾಳೆ ಎಂದು ನಾನು ಹೇಳಿದ್ದು ಸುಳ್ಳು. ಆ ಸಹಿ ನಿನ್ನದಲ್ಲ ಎಂದು ಮುಖ್ಯೋಪಾಧ್ಯಾಯಿನಿಗೆ ನೀನೇ ಬರೆ, ಗುಮಾಸ್ತರು ಹೇಳಿದ ಲೋಪ ಅದೇ. ಬೀದಿಯಲ್ಲಿ ನನ್ನ ಮಾನ ಹೋಗುತ್ತದೆ, ಹೋಗಲಿ. ಸೀಟು ಸಿಗುತ್ತದೆಂದು ಹೇಳಲಾರೆ. ಸಿಗದಿದ್ದರೂ ಅವಳ ಹೆಸರಿಗೇ ಬೇರೆ ಕಾಗದ ಹಾಕು, ನಿನಗೆ ಏನೂ ಗೊತ್ತಿರಲಿಲ್ಲ ಎಂದು. ಈಗ ಅವಳ ಪಾಲಿಗೆ ಮೋಸ ಮಾಡಿದವರು ಇಬ್ಬರು. ಒಬ್ಬನೇ ಎಂದು ಗೊತ್ತಾಗಲಿ.