ಫೋನಿನಲ್ಲಿ ಹಬ್ಬಿದ ಪ್ರಾರ್ಥನೆ

ನೆಬ್ರಾಸ್ಕಾ
ಅಕ್ಟೋಬರ್ ೧೧, ಶನಿವಾರ

ನನ್ನ ವೆಂಡೆಲ್,

'ನನ್ನ' ಎಂದು ಬರೆಯಲು ಮುಖವಿಲ್ಲ, ಆದರೂ ಬರೆದಿದ್ದೇನೆ. ನಿನ್ನ ಅಣ್ಣನ ಮನೆಗೆ ಹೋದ ಮೇಲೆ ನೀನು ಫೋನ್ ಎತ್ತುತ್ತಿಲ್ಲ. ಎತ್ತಬೇಡ, ಇದನ್ನು ಓದು ಸಾಕು.

ನಿನ್ನ ನಾಲಿಗೆಯ ಬುಡದ ಗಂಟು ಕ್ಯಾನ್ಸರ್ ಎಂದು ಡಾಕ್ಟರು ಹೇಳಿದಾಗ ನಿನ್ನ ಕೈ ಹಿಡಿದುಕೊಂಡೆ. ಅದು ಎಚ್‌ಪಿವಿ ವೈರಸ್ಸಿನಿಂದ ಬಂದದ್ದು, ದೇಹಸಂಪರ್ಕದಿಂದ ಹರಡುವಂಥದ್ದು ಎಂದಾಗ ಬಿಟ್ಟುಬಿಟ್ಟೆ. ಬಿತ್ತನೆ ಬೀಜ ಮಾರಲು ಊರೂರು ಸುತ್ತುವಾಗ ಯಾವಳ ಹತ್ತಿರ ಮಲಗಿದ್ದೆ ಎಂದು ಕಾರಿನಲ್ಲಿ ಕೂತು ಬೈದೆ. "ನಿನ್ನಾಣೆ ಆರ್ಡಿತ್, ಯಾರೂ ಇಲ್ಲ ಕಣೇ," ಅಂದೆ ನೀನು. ನಾನು ಕೇಳಲಿಲ್ಲ.

ಅಷ್ಟಕ್ಕೇ ಬಿಟ್ಟಿದ್ದರೆ! ಚರ್ಚಿನ ಪ್ರಾರ್ಥನಾ ಸರಪಳಿಗೆ ಫೋನ್ ಹಚ್ಚಿದೆ. ಒಬ್ಬಳು ಇನ್ನೊಬ್ಬಳಿಗೆ ಹೇಳಿ ಮಧ್ಯಾಹ್ನದೊಳಗೆ ಊರಿಗೆಲ್ಲ ಮುಟ್ಟುತ್ತದೆ ಎಂದು ಗೊತ್ತಿದ್ದೇ ಹಚ್ಚಿದೆ. ನಿನ್ನ ಕಾಯಿಲೆ ವಾಸಿಯಾಗಲಿ ಎಂದು ಕೇಳಲಿಲ್ಲ. ಹೆಂಗಸರ ಸಹವಾಸದಿಂದ ರೋಗ ತಂದುಕೊಂಡಿದ್ದಾನೆ, ಅವನ ಆತ್ಮಕ್ಕಾಗಿ ಪ್ರಾರ್ಥಿಸಿ ಎಂದೆ. "ಅಯ್ಯೋ ದೇವರೇ, ಮಕ್ಕಳಿಗೆ ಬೈಬಲ್ ಪಾಠ ಹೇಳೋನು ಕಣೇ ಅವನು!" ಅಂದಳು ಸರಪಳಿಯ ಮೊದಲ ಫೋನ್ ಎತ್ತುವ ಫರ್ನ್. ಕಾಯಿಲೆಯವರ ಮನೆಗೆಲ್ಲ ಅಡುಗೆ ಮಾಡಿ ಕೊಡುವ ಊರು, ಅವತ್ತಿನಿಂದ ನಮ್ಮ ಮೆಟ್ಟಿಲ ಮೇಲೆ ಯಾರೂ ಊಟದ ಪಾತ್ರೆ ಇಟ್ಟು ಹೋಗಲಿಲ್ಲ. ಭಾನುವಾರ ನಿನ್ನ ಪಾಠವನ್ನು ಬೇರೆಯವರಿಗೆ ಕೊಟ್ಟರು. ನೀನು ಬಟ್ಟೆ ತುಂಬಿಕೊಂಡು ಹೊರಟೆ.

ನಿನ್ನೆ ಹಲ್ಲು ತೋರಿಸಲು ಹೋಗಿದ್ದೆ. ಹಲ್ಲಿನ ಡಾಕ್ಟರಮ್ಮನಿಗೂ ಸುದ್ದಿ ಮುಟ್ಟಿತ್ತು. "ಆ ವೈರಸ್ಸು ಇಪ್ಪತ್ತು ಮೂವತ್ತು ವರ್ಷ ಸದ್ದಿಲ್ದೆ ಕೂತಿರಬಹುದು. ಯಾರಿಂದ ಬಂತು, ಯಾವಾಗ ಬಂತು ಅಂತ ಯಾವ ಪರೀಕ್ಷೆನೂ ಹೇಳಲ್ಲ. ಅದಕ್ಕೆ ಗಂಡನ ಮಾನ ಕಳೀತಾರೇನ್ರೀ?" ಎಂದು ಗದರಿದಳು. ನನ್ನ ಬಾಯಿ ತುಂಬ ಅವಳ ಸಾಮಾನು. ಕಣ್ಣೀರು ಮಾತ್ರ ಕಿವಿಗೆ ಇಳಿಯಿತು.

ಇವತ್ತು ಬೆಳಿಗ್ಗೆ ಫರ್ನ್‌ಗೆ ಫೋನ್ ಮಾಡಿ, ನಾನು ಹೇಳಿದ್ದು ತಪ್ಪು, ಇದನ್ನೂ ಎಲ್ಲರಿಗೂ ಮುಟ್ಟಿಸು ಎಂದೆ. "ಮುಟ್ಟಿಸ್ತೀನಿ. ಆದ್ರೆ ಅವನ ಮುಖ ನೋಡೋಕೆ ನಮಗೂ ನಾಚಿಕೆ ಕಣೇ," ಅಂದಳು.

ಸೋಮವಾರ ನಿನ್ನ ವಿಕಿರಣ ಚಿಕಿತ್ಸೆ ಶುರು. ಬರುಬರುತ್ತಾ ಗಂಟಲಲ್ಲಿ ನೀರೂ ಇಳಿಯುವುದಿಲ್ಲವಂತೆ. ಒಬ್ಬನೇ ಕಾರು ಓಡಿಸಿಕೊಂಡು ಹೋಗಬೇಡ, ವೆಂಡೆಲ್. ನಾನು ಬರಲೇ? ಮಾತಾಡಿಸಬೇಡ ಅಂದರೆ ಮಾತಾಡಿಸುವುದಿಲ್ಲ.

ನಾಚಿಕೆಯಲ್ಲಿ ಮುಳುಗಿದ, ಇನ್ನೂ ನಿನ್ನವಳೇ ಆದ
ಆರ್ಡಿತ್

ತಾ.ಕ.: ಇದು ಮರೆತದ್ದಲ್ಲ, ಬರೆಯಲು ಧೈರ್ಯವಾಗದೆ ಉಳಿಸಿಕೊಂಡದ್ದು. ನಮ್ಮ ಮದುವೆಯ ಹಿಂದಿನ ವರ್ಷ ನನ್ನ ಗರ್ಭಕಂಠದಲ್ಲಿ ಇದೇ ವೈರಸ್ಸು ಸಿಕ್ಕಿತ್ತು, ಕೆಟ್ಟ ಭಾಗವನ್ನು ತೆಗೆದುಹಾಕಿದ್ದರು. ನಿನಗೆ ಹೇಳಿರಲಿಲ್ಲ. ಕಾರಿನಲ್ಲಿ ಕೂತು ನಿನ್ನನ್ನು ಬೈಯುವಾಗಲೂ ಅದು ನನಗೆ ನೆನಪಿತ್ತು.