ನುಂಗದ ಮಾತ್ರೆಯ ಬಗ್ಗೆ ಆಸ್ಪತ್ರೆಯ ಅಧೀಕ್ಷಕರಿಗೆ

ಮಾನ್ಯ ಅಧೀಕ್ಷಕರೇ,

ಆಪರೇಷನ್ ಆದ ಮೇಲೆ ನನ್ನ ಅಣ್ಣನ ಹೊಟ್ಟೆಯೊಳಗೆ ರಕ್ತ ಸೋರಿದ್ದಕ್ಕೆ ಅಣ್ಣನೇ ಕಾರಣ ಎಂದು ನಿಮ್ಮ ಕಚೇರಿ ತಿಳಿಸಿದೆ. ‘ರಕ್ತ ತೆಳುವಾಗಿಸುವ ಮಾತ್ರೆಯನ್ನು ರೋಗಿಯು ಶಸ್ತ್ರಚಿಕಿತ್ಸೆಗೆ ಮುನ್ನ ನಿಲ್ಲಿಸದಿರುವ ಸಾಧ್ಯತೆ ಇದೆ.’ ಎಷ್ಟು ಹಗುರವಾದ ವಾಕ್ಯ! ಬರೆದವರ ಕೈಗೆ ಏನೂ ಅಂಟುವುದಿಲ್ಲ. ಅರ್ಧ ದಿನ ನಾನೂ ಅದನ್ನು ನಂಬಿದೆ, ಒಪ್ಪಿಕೊಳ್ಳುತ್ತೇನೆ. ಅಣ್ಣನ ಮರೆವಿನ ಮೇಲೆ ಹೊರಿಸಿಬಿಟ್ಟರೆ ಯಾರೊಡನೆಯೂ ಜಗಳವಾಡಬೇಕಿರಲಿಲ್ಲ.

ಅಣ್ಣನದು ಪಂಚರ್ ಅಂಗಡಿ. ಪ್ರಾಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರ್ ಎಂದಾಗ ಹೆದರದವನು, ರೋಬೋಟ್ ಸಹಾಯದಿಂದ ಅದನ್ನು ತೆಗೆಯುತ್ತಾರೆ ಎಂದಾಗ ಹೆದರಿದ. ನಿಮ್ಮ ಶಸ್ತ್ರವೈದ್ಯರು ಚಿತ್ರ ಬರೆದು ತೋರಿಸಿದರು: ಹೊಟ್ಟೆಗೆ ಗಾಳಿ ತುಂಬುತ್ತೇವೆ, ಆ ಒತ್ತಡಕ್ಕೆ ಗ್ರಂಥಿಯ ಮೇಲಿನ ರಕ್ತನಾಳಗಳ ಗೊಂಚಲು ಅಮುಕಿಕೊಂಡಿರುತ್ತದೆ, ಕತ್ತರಿಸಿ ಹೊಲಿಯುವಾಗ ರಕ್ತ ಹೋಗುವುದು ಕಡಿಮೆ.

“ಅಂದ್ರೆ ಹೆಬ್ಬೆರಳು ಒತ್ತಿ ಹಿಡಿದಂಗೆ. ಬೆರಳು ತೆಗೆದ ಮೇಲೆ ತಾನೇ ಡಾಕ್ಟ್ರೇ ತೂತು ಗೊತ್ತಾಗೋದು?” ಅಂದ ಅಣ್ಣ.

ವೈದ್ಯರು ನಕ್ಕರು. “ನೀವೇ ಬಂದು ಆಪರೇಷನ್ ಮಾಡ್ಬಿಡಿ ಯಜಮಾನ್ರೇ! ಅದಕ್ಕೇ ಮುಗಿಸೋ ಮೊದಲು ಒತ್ತಡ ಇಳಿಸಿ ಐದು ನಿಮಿಷ ಕಾದು ನೋಡ್ತೀವಿ. ಸೋರಿದ್ರೆ ಅಲ್ಲೇ ಇನ್ನೊಂದು ಹೊಲಿಗೆ.”

ಆ ಐದು ನಿಮಿಷವನ್ನು ನಂಬಿ ಅಣ್ಣ ಮೇಜಿನ ಮೇಲೆ ಮಲಗಿದ. ನೀವು ಕಾದಿರಾ? ‘ಒತ್ತಡ ಇಳಿಸಿ ಪರೀಕ್ಷಿಸಲಾಗಿದೆ’ ಎಂಬುದರ ಎದುರು ನಿಮ್ಮ ಫಾರಂನಲ್ಲಿ ಟಿಕ್ ಇದೆ. ಅರಿವಳಿಕೆ ವೈದ್ಯರು ಐದೈದು ನಿಮಿಷಕ್ಕೆ ಬರೆದ ಹಾಳೆಯಲ್ಲಾದರೋ ಗಾಳಿಯ ಒತ್ತಡ ಕೊನೆಯವರೆಗೂ ಹದಿನೈದು, ಹದಿನೈದು, ಹದಿನೈದು; ಮರುಸಾಲಿನಲ್ಲೇ ಗಾಳಿ ಹೊರಗೆ, ಚರ್ಮಕ್ಕೆ ಹೊಲಿಗೆ. ಎರಡೂ ಹಾಳೆಗಳನ್ನು ಮುಂದಿಟ್ಟಾಗ ನಿಮ್ಮ ಸಿಬ್ಬಂದಿಯೊಬ್ಬರು, ಯಾರೆಂದು ಕೇಳಬೇಡಿ, ತಲೆ ತಗ್ಗಿಸಿದರು. “ಟಿಕ್ ಬೆಳಿಗ್ಗೆನೇ ಹಾಕಿಟ್ಟಿರ್ತೀವಿ ಸರ್, ದಿನದ ಎಲ್ಲಾ ಕೇಸಿಗೂ. ಅವತ್ತು ಮುಂದಿನ ಪೇಶೆಂಟ್ ಆಗಲೇ ಹೊರಗೆ ಕಾಯ್ತಿದ್ರು.” ಕತ್ತರಿ ಇಡುವ ಮೊದಲೇ ಸೋರಿಕೆ ಇಲ್ಲವೆಂದು ಕಂಡುಕೊಳ್ಳುವ ಕಣ್ಣು ಯಾವ ರೋಬೋಟಿಗಿದೆ, ದಯವಿಟ್ಟು ತಿಳಿಸುವಿರಾ? ನಾಲ್ಕು ಗಂಟೆ ಕಳೆದ ಮೇಲೆ ಅದೇ ಹೊಟ್ಟೆಯನ್ನು ಅಗಲವಾಗಿ ಕುಯ್ದು, ನಾಲ್ಕು ಬಾಟಲಿ ರಕ್ತ ಕೊಟ್ಟು, ಸೋರುತ್ತಿದ್ದ ನಾಳವನ್ನು ಹುಡುಕಿ ಕಟ್ಟಿದಿರಿ. ಆಗ ನಿಮಗೆ ಸಮಯವಿತ್ತು.

ಅಣ್ಣ ಬದುಕಿದ. ಆದರೆ ನಿಮ್ಮ ಪತ್ರ ಬಂದ ದಿನದಿಂದ ಅತ್ತಿಗೆಯ ಮುಖ ನೋಡಿ ಮಾತಾಡುತ್ತಿಲ್ಲ. “ನಾನೇ ಯಾವಾಗ್ಲೋ ನುಂಗಿರ್ಬೇಕು ಕಣೇ. ನಿನಗೆ ಇಷ್ಟೆಲ್ಲಾ ಕಷ್ಟ ಕೊಟ್ಟೆ.”

“ಡಬ್ಬಿ ನನ್ನ ಬೀರುವಲ್ಲಿತ್ತು, ಕೀ ನನ್ನ ಹತ್ರ ಇತ್ತು. ಬೀಗ ಒಡೆದು ನುಂಗಿದ್ರಾ?” ಎಂದು ಅತ್ತಿಗೆ ಗದರುತ್ತಾರೆ.

“ಅಷ್ಟು ದೊಡ್ಡ ಆಸ್ಪತ್ರೆಯವರು ಸುಳ್ಳು ಬರೀತಾರೇನೇ?”

ನನಗೆ ಉರಿಯುವುದು ಇಲ್ಲಿ. ಅವನು ಇನ್ನೂ ನಿಮ್ಮನ್ನು ನಂಬುತ್ತಾನೆ, ತನ್ನನ್ನು ನಂಬುವುದಿಲ್ಲ.

ಪರಿಹಾರ ಕೇಳುತ್ತಿಲ್ಲ. ಒತ್ತಡ ಇಳಿಸಿದ ಹೊತ್ತು, ಏರಿಸಿದ ಹೊತ್ತು ಎರಡನ್ನೂ ಆ ಗಳಿಗೆಯಲ್ಲೇ ಬರೆಯಬೇಕೆಂದು ಆಜ್ಞೆ ಹೊರಡಿಸಿ. ಆ ‘ಸಾಧ್ಯತೆ’ಯನ್ನು ಹಿಂದಕ್ಕೆ ಪಡೆಯಿರಿ. ಪತ್ರ ನನಗೆ ಬೇಡ, ಅಣ್ಣನ ಹೆಸರಿಗೆ ಬರಲಿ. ಉದ್ದ ಬೇಕಿಲ್ಲ: ‘ನೀವು ಮಾತ್ರೆ ನುಂಗಿರಲಿಲ್ಲ. ನಾವು ಕಾಯಲಿಲ್ಲ.’ ದಪ್ಪ ಅಕ್ಷರದಲ್ಲಿ ಬರೆಸಿ. ಅವನು ಬೆರಳಿಟ್ಟು ನಿಧಾನವಾಗಿ ಓದುತ್ತಾನೆ.

ಇಂತಿ,
“ಒಳ್ಳೆ ಆಸ್ಪತ್ರೆ ಕಣೋ ಅಣ್ಣ” ಎಂದು ಒಪ್ಪಿಸಿ, ಒಪ್ಪಿಗೆ ಪತ್ರಕ್ಕೆ ಸಾಕ್ಷಿಯಾಗಿ ಸಹಿ ಹಾಕಿದ ತಮ್ಮ